ಹಳೇ ಕ್ಯಾಮೆರಾ, ಕಪ್ಪು-ಬಿಳುಪು ರೋಲು, ಬೆಂಗಳೂರಿನ ನೀರು

ಹಳೇ ಫಿಲ್ಮ್ ಕ್ಯಾಮೆರಾ ಕೊಳ್ಳಲು ಹೋದಾಗ ಲೆನ್ಸಿಗಿಂತ ಮೊದಲು ಹಿಂಬಾಗಿಲು ತೆಗೆದು ನೋಡಿ. ಬಾಗಿಲು ಬಂದು ಕೂರುವ ಸಣ್ಣ ಸಂದಿನಲ್ಲಿ ಉಗುರು ಎಳೆಯಿರಿ. ಉಗುರಿಗೆ ಡಾಂಬರಿನಂಥ ಕಪ್ಪು ಅಂಟು ಮೆತ್ತಿಕೊಂಡರೆ, ಬೆಳಕು ನುಸುಳದಂತೆ ಕಂಪನಿಯವರು ಅಲ್ಲಿ ಅಂಟಿಸಿದ್ದ ಫೋಮು ಕರಗಿಹೋಗಿದೆ ಎಂದರ್ಥ. ಅಷ್ಟಕ್ಕೇ ಕ್ಯಾಮೆರಾ ಬೇಡ ಅನ್ನಬೇಕಿಲ್ಲ. ಬೆಲೆ ಇಳಿಸಿ ಕೇಳಿ. ಒಂದು ಸಂಜೆಯಲ್ಲಿ ಮನೆಯಲ್ಲೇ ಸರಿಮಾಡುವ ದೋಷ ಅದು.

ಕಪ್ಪು-ಬಿಳುಪಿಗೆ ಮರಳುವವರು ದುಬಾರಿ ಕ್ಯಾಮೆರಾ ಹುಡುಕುತ್ತಾ ತಿಂಗಳುಗಟ್ಟಲೆ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಕ್ಯಾಮೆರಾದ ದೇಹಕ್ಕೆ ಇರುವ ಕೆಲಸ ಎರಡೇ: ಬೆಳಕು ಸೋರದಂತೆ ನೋಡಿಕೊಳ್ಳಬೇಕು, ಹೇಳಿದಷ್ಟು ಹೊತ್ತು ಫಿಲ್ಮಿನ ಮುಂದಿನ ಪರದೆ, ಅಂದರೆ ಶಟರ್, ತೆರೆಯಬೇಕು. ಚಿತ್ರ ಕೆಡುವುದು ಹೆಚ್ಚಾಗಿ ಆಮೇಲೆ, ಬಕೆಟ್ಟು ಥರ್ಮಾಮೀಟರಿನ ನಡುವೆ. ಹಾಗಾಗಿ ದುಡ್ಡನ್ನು ರೋಲಿಗೆ ಉಳಿಸಿ, ಗಮನವನ್ನು ನೀರಿಗೆ ಕೊಡಿ.

ಯಾವ ಕ್ಯಾಮೆರಾ? ಬ್ಯಾಟರಿ ಇಲ್ಲದೆಯೂ ಶಟರ್ ಓಡುವಂಥದ್ದು. ಪೆಂಟಾಕ್ಸ್ ಕೆ1000 (1976ರಿಂದ 1997ರವರೆಗೆ ತಯಾರಾಯಿತು), ನಿಕಾನ್ ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3, ರಷ್ಯಾದ ಜೆನಿಟ್, ಎಲ್ಲವೂ ಆ ಜಾತಿಯವು. ಇವುಗಳಲ್ಲಿ ಬ್ಯಾಟರಿ ಇರುವುದು ಬೆಳಕಿನ ಮೀಟರಿಗೆ ಮಾತ್ರ. ಜೆನಿಟ್-ಇಗೆ ಅದೂ ಬೇಡ, ಅದರದ್ದು ಬೆಳಕಿನಿಂದಲೇ ವಿದ್ಯುತ್ ಪಡೆಯುವ ಸೆಲೆನಿಯಂ ಮೀಟರು. ಯಾಶಿಕಾ ಎಲೆಕ್ಟ್ರೊ 35 ನೋಡಲು ಚೆಂದ, ಲೆನ್ಸೂ ಚೆಂದ, ಆದರೆ ಬ್ಯಾಟರಿ ಸತ್ತರೆ ಅದರ ಶಟರ್ 1/500 ಸೆಕೆಂಡಿನಲ್ಲೇ ನಿಂತುಬಿಡುತ್ತದೆ. ಮೊದಲ ಕ್ಯಾಮೆರಾ ಆಗಿ ಅದು ಬೇಡ. ಎಲೆಕ್ಟ್ರಾನಿಕ್ ಪಾಯಿಂಟ್-ಅಂಡ್-ಶೂಟ್‌ಗಳಿಗೂ ದೊಡ್ಡ ಮೊತ್ತ ಸುರಿಯಬೇಡಿ. ಕೆಟ್ಟರೆ ರಿಪೇರಿಯೇ ಇಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರಿನಲ್ಲಾಗಲಿ, ಪರಿಚಯದವರ ಮನೆಯಲ್ಲಾಗಲಿ, ಕ್ಯಾಮೆರಾ ನೋಡಲು ಹೋಗುವಾಗ ಒಂದು ಪುಟ್ಟ ಟಾರ್ಚು, ಎರಡು ಎಲ್‌ಆರ್44 ಬ್ಯಾಟರಿ, ಸ್ಲೋ ಮೋಷನ್ ಇರುವ ಫೋನು ಇಟ್ಟುಕೊಂಡಿರಿ. ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು ಹಿಂದಿನಿಂದ ಟಾರ್ಚು ಬಿಡಿ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಅಂಚಿನಲ್ಲಿ ಒಂದಿಷ್ಟಿದ್ದರೆ ಚಿತ್ರಕ್ಕೆ ಬಾಧೆಯಿಲ್ಲ, ನಡುವೆ ಹರಡಿದ್ದರೆ ಲೆನ್ಸ್ ಬಿಡಿ. ಧೂಳಿನ ಕಣಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಅವು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ, ಅಷ್ಟರಲ್ಲಿ ಶಟರ್ ತೆರೆದು ಮುಚ್ಚಿರುತ್ತದೆ. ಫಲ, ಬೆಳಕು ಹೆಚ್ಚಾದ ಚಿತ್ರ.

ಶಟರಿನ ಪರೀಕ್ಷೆ ಹೀಗೆ. ಹಿಂಬಾಗಿಲು ತೆರೆದು, ಲೆನ್ಸ್ ಕಳಚಿ, ಕ್ಯಾಮೆರಾವನ್ನು ಬಿಳಿ ಗೋಡೆಗೋ ಆಕಾಶಕ್ಕೋ ಹಿಡಿಯಿರಿ. ಫೋನನ್ನು ಸೆಕೆಂಡಿಗೆ 240 ಫ್ರೇಮಿಗೆ ಇಟ್ಟು 1/30ರಲ್ಲಿ ಒತ್ತಿ ರೆಕಾರ್ಡ್ ಮಾಡಿ. ಶಟರಿನ ಕಿಟಕಿಯ ನಡುಭಾಗ 8 ಫ್ರೇಮುಗಳಷ್ಟು ಹೊತ್ತು ತೆರೆದಿರಬೇಕು. ಒಂದೆರಡು ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ, 16 ಫ್ರೇಮು ತೆರೆದಿದ್ದರೆ ಒಂದಿಡೀ ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಷ್ಟು, ತಪ್ಪಿದೆ. ವೇಗದ ಶಟರನ್ನು ಹೀಗೆ ಎಣಿಸಲಾಗದು. ಅದಕ್ಕೆ 1/1000ರಲ್ಲಿ ಕಣ್ಣಿಟ್ಟು ಒತ್ತಿ: ಪೂರ್ತಿ ಆಯತ ಮಿಂಚಬೇಕು. ಒಂದು ಪಕ್ಕ ಕಪ್ಪಾಗಿ ಉಳಿದರೆ ಶಟರಿನ ಎರಡು ಪರದೆಗಳಲ್ಲಿ ಮುಚ್ಚುವ ಎರಡನೆಯದು, ತೆರೆಯುವ ಮೊದಲನೆಯದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದೆ. ಅಂಥ ಕ್ಯಾಮೆರಾದಲ್ಲಿ 1/500, 1/250 ಸರಿಯಿದ್ದರೆ, ಕಡಿಮೆ ಬೆಲೆಗೆ ಕೊಂಡು 1/1000 ಮುಟ್ಟದೆ ಬಳಸಬಹುದು. ಬಟ್ಟೆ ಪರದೆಯ ಕ್ಯಾಮೆರಾ ಆದರೆ ಕತ್ತಲಲ್ಲಿ ಮುಂದಿನಿಂದ ಟಾರ್ಚು ಹಾಕಿ ಸೂಜಿ ರಂಧ್ರ ಇದೆಯೇ ನೋಡಿ.

ಫೋಮಿನ ರಿಪೇರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಹಲ್ಲುಕಡ್ಡಿ, ಹಳೇ ಬನಿಯನ್ನಿನ ತುಂಡು ಸಾಕು. ಅಂಟನ್ನು ಒದ್ದೆ ಮಾಡಿ, ಐದು ನಿಮಿಷ ಬಿಟ್ಟು, ಕಡ್ಡಿಯಿಂದ ಉದ್ದಕ್ಕೆ ಸುರುಳಿ ಸುತ್ತಿದಂತೆ ಎಬ್ಬಿಸಿ. ಪುಡಿ ಶಟರಿನ ಮೇಲೆ ಬೀಳದಂತೆ ಕ್ಯಾಮೆರಾವನ್ನು ಬಾಗಿಲು ಕೆಳಮುಖವಾಗಿ ಹಿಡಿಯಿರಿ. ಸಂದಿಗೆ 1.5ರಿಂದ 2 ಮಿಲಿಮೀಟರ್ ಫೋಮಿನ ಪಟ್ಟಿ ಬೇಕು. ಸಿಗದಿದ್ದರೆ ಕಪ್ಪು ಉಲ್ಲನ್ ದಾರವನ್ನು ಸಂದಿನುದ್ದಕ್ಕೂ ಒತ್ತಿ ಕೂರಿಸಿ, ಚೆನ್ನಾಗಿ ತಡೆಯುತ್ತದೆ. ಬಾಗಿಲ ಕೀಲಿನ ಪಕ್ಕದ ಅಗಲ ಪಟ್ಟಿಯನ್ನು ಮರೆಯಬೇಡಿ, ಹೆಚ್ಚು ಸೋರುವುದು ಅಲ್ಲಿಂದಲೇ. ಕನ್ನಡಿ ಬಂದು ಬಡಿಯುವ ಫೋಮನ್ನೂ ಬದಲಿಸಿ. ಕನ್ನಡಿಯನ್ನು ಮಾತ್ರ ಒರೆಸಬೇಡಿ. ಅದರ ಬೆಳ್ಳಿಪದರ ಮೇಲ್ಮೈಯಲ್ಲೇ ಇರುತ್ತದೆ, ಬಟ್ಟೆ ತಾಗಿದರೆ ಗೀರು.

ಕೆ1000ಕ್ಕೆ ಒಂದು ಎಲ್‌ಆರ್44 ಸಾಕು. ಅದರ ಮೀಟರಿಗೆ ಸ್ವಿಚ್ಚಿಲ್ಲ, ಲೆನ್ಸ್ ಮುಚ್ಚಳವೇ ಸ್ವಿಚ್ಚು. ಮುಚ್ಚಳ ತೆಗೆದಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ. ಇನ್ನೂ ಹಳೆಯ ಕೆಲವು ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದಂಥವು, ಅದು ಈಗ ಬರುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರು ಇಲ್ಲದ ಬೆಳಕನ್ನು ತೋರಿಸುತ್ತದೆ, ಚಿತ್ರ ಕಪ್ಪಾಗುತ್ತದೆ. ಕಿವಿ ಮಿಷನ್ನಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್ ಕೊಡುತ್ತದೆ, ಅದನ್ನೇ ಹಾಕಿ.

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮು, ಕಾಗದ ತಯಾರಿಸುತ್ತಿದ್ದ ಕಾಲ ಮುಗಿದಿದೆ. ಈಗ ಇಲ್ಲಿ ಸಿಗುವ ಇಲ್ಫರ್ಡ್, ಕೊಡಾಕ್, ಫೋಮಾಪಾನ್ ಎಲ್ಲವೂ ಆಮದು, ಬೆಲೆಯೂ ಅದಕ್ಕೆ ತಕ್ಕಂತೆ. ಮೊದಲ ರೋಲು ಕೆಂಟ್ಮೀರ್ 400 ಇರಲಿ (400 ಎಂಬುದು ಫಿಲ್ಮು ಬೆಳಕಿಗೆ ಎಷ್ಟು ಚುರುಕು ಎಂಬುದರ ಅಳತೆ). ಇಲ್ಫರ್ಡ್ ತಯಾರಿಸುವ ಹಾರ್ಮನ್ ಸಂಸ್ಥೆಯದೇ ಅಗ್ಗದ ಫಿಲ್ಮು ಅದು. ಕೈ ಕುದುರಿದ ಮೇಲೆ ಇಲ್ಫರ್ಡಿನದೇ ಎಚ್‌ಪಿ5 ಪ್ಲಸ್. ಫೋಮಾಪಾನ್ 400 ಬಳಸುವುದಾದರೆ ಮೀಟರನ್ನು 200–250ಕ್ಕೆ ಇಡಿ, ನೆರಳಿನಲ್ಲಿ ಆಗ ಜೀವ ಇರುತ್ತದೆ. ಬೇಸಿಗೆಯಲ್ಲಿ ರೋಲನ್ನು ಕಾರಿನೊಳಗೆ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟರೆ, ಹೊರಗೆ ತೆಗೆದು ಎರಡು ಗಂಟೆ ಕಳೆಯುವ ತನಕ ಡಬ್ಬಿ ತೆರೆಯಬೇಡಿ; ತಣ್ಣನೆಯ ಫಿಲ್ಮಿನ ಮೇಲೆ ಹಬೆ ಕೂರುತ್ತದೆ. ಮೆಟ್ರೊ ನಿಲ್ದಾಣದ ಬ್ಯಾಗ್ ಸ್ಕ್ಯಾನರಿನಲ್ಲಿ ಒಂದೆರಡು ಸಲ ಹೋದರೆ 400ರ ರೋಲಿಗೆ ಏನೂ ಆಗದು. ವಿಮಾನ ನಿಲ್ದಾಣದ ಹೊಸ ಸಿಟಿ ಸ್ಕ್ಯಾನರಿನ ಮಾತು ಬೇರೆ, ಅದು ಒಂದೇ ಸಲಕ್ಕೆ ಮಂಕು ಕವಿಸಬಲ್ಲದು. ಅಲ್ಲಿ ರೋಲುಗಳನ್ನು ಕೈಯಲ್ಲಿ ಹಿಡಿದು, ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಿ.

ರೋಲು ಹಾಕಿದ ಮೇಲೆ ಒಂದು ಕೆಲಸವನ್ನು ಎಂದೂ ತಪ್ಪಿಸಬೇಡಿ. ಬಾಗಿಲು ಮುಚ್ಚಿ, ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲು ತೆಗೆಯಿರಿ. ಆಮೇಲೆ ಪ್ರತಿ ಸಲ ಫಿಲ್ಮು ಮುಂದೂಡುವ ಲಿವರ್ ಎಳೆದಾಗಲೂ ಆ ಹಿಡಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಸಿಕ್ಕಿಲ್ಲ; ಎಣಿಕೆ 36 ತೋರಿಸಿದರೂ ಒಳಗೆ ಒಂದು ಚಿತ್ರವೂ ಬಿದ್ದಿರುವುದಿಲ್ಲ. ಜೆನಿಟ್ ಜೊತೆ ಬರುವ ಹೀಲಿಯೊಸ್ 44-2 ಲೆನ್ಸಿನಲ್ಲಿ ಇನ್ನೊಂದು ಎಚ್ಚರ: ಫೋಕಸಿಗೆ ಅಪರ್ಚರ್ ತೆರೆದು, ಒತ್ತುವ ಮೊದಲು ಕೈಯಾರೆ ಮುಚ್ಚಬೇಕು. ತಾನಾಗಿ ಮುಚ್ಚುವುದಿಲ್ಲ.

ಮೀಟರು ಸತ್ತಿದ್ದರೂ ಕೆಲಸ ನಿಲ್ಲದು. ಎಫ್ ಅಂಕಿ ಅಪರ್ಚರಿನದು (ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು), ಎರಡನೆಯದು ಶಟರಿನದು. 400ರ ಫಿಲ್ಮಿಗೆ ಬಿರುಬಿಸಿಲಲ್ಲಿ ಎಫ್/16, 1/500. ಮಳೆಗಾಲದ ತೆಳು ಮೋಡಕ್ಕೆ ಎಫ್/8, 1/500. ಕಟ್ಟಡದ ನೆರಳಿನ ಬೀದಿಗೆ ಎಫ್/8, 1/250. ಕಬ್ಬನ್ ಪಾರ್ಕಿನ ದಟ್ಟ ಮರಗಳ ಕೆಳಗೆ ಎಫ್/5.6, 1/125. ಕೆ.ಆರ್. ಮಾರುಕಟ್ಟೆ ಕಟ್ಟಡದ ಒಳಗೆ, ಬಲ್ಬಿನ ಕೆಳಗೆ ಹೂವು ಕಟ್ಟುವವರ ಹತ್ತಿರ ಎಫ್/2, 1/60ರಿಂದ ಶುರು ಮಾಡಿ. ಅನುಮಾನ ಬಂದರೆ ಒಂದು ಸ್ಟಾಪ್ ಹೆಚ್ಚು ಕೊಡಿ. ಕಪ್ಪು-ಬಿಳುಪು ನೆಗೆಟಿವು ಹೆಚ್ಚಿನ ಬೆಳಕನ್ನು ಅರಗಿಸಿಕೊಳ್ಳುತ್ತದೆ, ಕಡಿಮೆಯಾದದ್ದನ್ನು ಎಲ್ಲಿಂದಲೂ ತರಲಾರದು.

ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜು, ಅಂದರೆ ಫಿಲ್ಟರ್, ಏಕೆ ಬೇಕು ಎಂಬುದನ್ನು ಕಲಿಯಲು ಅಠಾರಾ ಕಚೇರಿಯಷ್ಟು (ಹೈಕೋರ್ಟ್ ಕಟ್ಟಡ) ಒಳ್ಳೆಯ ಪಾಠ ಈ ಊರಿನಲ್ಲಿ ಇನ್ನೊಂದಿಲ್ಲ. 1868ರ ಆ ಕೆಂಪು ಕಟ್ಟಡ, ಮುಂದೆ ಹಸಿರು, ಹಿಂದೆ ನೀಲಿ. ಫಿಲ್ಟರ್ ಇಲ್ಲದೆ ತೆಗೆದರೆ ಗೋಡೆಯೂ ಗಿಡವೂ ಒಂದೇ ಬೂದು ಬಣ್ಣ, ಆಕಾಶ ಬರೀ ಬಿಳಿ. ಹಳದಿ ಫಿಲ್ಟರಿನಲ್ಲಿ (ಒಂದು ಸ್ಟಾಪ್ ಹೆಚ್ಚು ಕೊಡಿ) ಮೋಡ ಬೇರೆಯಾಗಿ ನಿಲ್ಲುತ್ತದೆ. ಕೆಂಪು ಫಿಲ್ಟರಿನಲ್ಲಿ (ಮೂರು ಸ್ಟಾಪ್) ಕಟ್ಟಡ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಮರಗಳು ಕಪ್ಪಾಗುತ್ತವೆ, ಆಕಾಶ ಗುಡುಗುವ ಮುಂಚಿನಂತೆ ಕಾಣುತ್ತದೆ. ಏಪ್ರಿಲ್-ಮೇ ತಿಂಗಳ ಗುಲ್‌ಮೊಹರಿಗೂ ಇದೇ ಲೆಕ್ಕ: ಫಿಲ್ಟರ್ ಇಲ್ಲದಿದ್ದರೆ ಹೂವು ಎಲೆಯಲ್ಲಿ ಮುಳುಗಿಹೋಗುತ್ತದೆ. ಹಣೆಯ ಕುಂಕುಮ ಕೆಂಪು ಫಿಲ್ಟರಿನಲ್ಲಿ ಮಾಯವಾಗುತ್ತದೆ, ಆದ್ದರಿಂದ ಮುಖದ ಚಿತ್ರಗಳಿಗೆ ಅದನ್ನು ಹಾಕಬೇಡಿ. ಒಂದೇ ಕೊಳ್ಳುವುದಾದರೆ ಹಳದಿ.

ಇನ್ನು ರೋಲು ತೊಳೆಯುವ ಕೆಲಸ: ಡೆವಲಪರು ಚಿತ್ರ ಮೂಡಿಸುತ್ತದೆ, ಫಿಕ್ಸರು ಅದನ್ನು ಬೆಳಕಿಗೆ ಕೆಡದಂತೆ ನಿಲ್ಲಿಸುತ್ತದೆ, ಕೊನೆಗೆ ನೀರು. ರೋಲು ತೊಳೆಸಲು ಹೊರಗೆ ಕೊಟ್ಟರೆ ನಿಮ್ಮ ತಪ್ಪು ಯಾವುದು, ಅವರ ತಪ್ಪು ಯಾವುದು ತಿಳಿಯುವುದೇ ಇಲ್ಲ. ಮನೆಯಲ್ಲೇ ಮಾಡಿ. ಡಿ-76 ಡೆವಲಪರು 1927ರಿಂದ ಇದೆ, ಅದರ ಪಾಕ ಎಲ್ಲರಿಗೂ ತೆರೆದಿದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ ಅಂದರೆ ಬಿಳಿಗಾರ 2 ಗ್ರಾಂ. ಅಂಗಡಿಯಲ್ಲಿ ಚೀಟಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ: ಸಲ್ಫೈಟ್ ಕೇಳಿದರೆ ಸಲ್ಫೇಟ್ ಬರುವುದುಂಟು, ಅದರಿಂದ ಡೆವಲಪರು ಆಗುವುದಿಲ್ಲ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕೇ ಬೇಕು.

750 ಎಂ.ಎಲ್. ನೀರನ್ನು 50 ಡಿಗ್ರಿ ಆಸುಪಾಸಿಗೆ ಕಾಯಿಸಿ. ಮೊದಲು ಸಲ್ಫೈಟಿನ ಒಂದೇ ಚಿಟಿಕೆ, ಆಮೇಲೆ ಮೆಟಾಲ್ ಪೂರ್ತಿ ಕರಗುವ ತನಕ ಕಲಕಿ. ಈ ಕ್ರಮಕ್ಕೆ ಕಾರಣವಿದೆ: ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗುವುದೇ ಇಲ್ಲ, ಬಿಳಿ ತರಿಯಾಗಿ ಉಳಿಯುತ್ತದೆ. ಒಂದು ಚಿಟಿಕೆ ಸಲ್ಫೈಟೂ ಇಲ್ಲದಿದ್ದರೆ ಮೆಟಾಲ್ ಗಾಳಿಗೆ ಕಂದಾಗುತ್ತದೆ. ಆಮೇಲೆ ಉಳಿದ ಸಲ್ಫೈಟ್, ಹೈಡ್ರೊಕ್ವಿನೋನ್, ಬಿಳಿಗಾರ, ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್. ಕತ್ತಿನ ತನಕ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಇರುತ್ತದೆ; ಅರ್ಧ ಖಾಲಿಯಾದರೆ ಎರಡು ತಿಂಗಳಲ್ಲಿ ಮುಗಿಸಿ. ಒಂದು ಲೀಟರಿನ ಬದಲು ಸಣ್ಣ ಬಾಟಲಿಗಳಲ್ಲಿ ಹಂಚಿಡುವುದೇ ಜಾಣತನ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಕೈಗವಸು ಹಾಕಿ. ಈ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಕೂಡದು.

ಫಿಕ್ಸರಿಗೆ ಒಂದು ಲೀಟರಿನಲ್ಲಿ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು 240 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ಸೋಡಿಯಂ ಬೈಸಲ್ಫೈಟ್ 25 ಗ್ರಾಂ. ಹೈಪೊ ಕರಗುವಾಗ ನೀರಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಪಾತ್ರೆ ಮುಟ್ಟಿದರೆ ಐಸಿನಂತಿರುತ್ತದೆ. ಆದ್ದರಿಂದ ಬಿಸಿನೀರಿನಿಂದ ಶುರು ಮಾಡಿ. ಬೈಸಲ್ಫೈಟನ್ನು ಎಲ್ಲಕ್ಕಿಂತ ಕೊನೆಗೆ, ದ್ರಾವಣ ಆರಿದ ಮೇಲೆ ಹಾಕಬೇಕು. ಸಲ್ಫೈಟ್ ಇಲ್ಲದೆ, ಬಿಸಿಯಲ್ಲಿ ಆಮ್ಲ ಬಿದ್ದರೆ ಗಂಧಕ ಬಿಟ್ಟುಕೊಂಡು ದ್ರಾವಣ ಹಾಲಿನಂತೆ ಕದಡುತ್ತದೆ.

ಬೆಳಕು ಹೋಗದ ಕತ್ತಲೆ ಚೀಲದೊಳಗೆ ಕೈಯಿಟ್ಟು, ಫಿಲ್ಮನ್ನು ತೊಳೆಯುವ ಟ್ಯಾಂಕಿನ (ಬೆಳಕು ಹೋಗದ ಮುಚ್ಚಳದ ಡಬ್ಬಿ) ಸುರುಳಿಗೆ ಏರಿಸುವುದೇ ಎಲ್ಲರಿಗೂ ಕಷ್ಟದ ಹಂತ. ಪ್ಲಾಸ್ಟಿಕ್ ಸುರುಳಿಯಲ್ಲಿ ಒಂದು ಹನಿ ತೇವವಿದ್ದರೂ ಫಿಲ್ಮು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಸುರುಳಿಯನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿಕೊಳ್ಳಿ, ಬೇಸಿಗೆಯಲ್ಲಿ ಕೈ ಬೆವರುವ ಮೊದಲು ಮುಗಿಸಿ. ಫಿಲ್ಮಿನ ತುದಿಯ ಎರಡು ಮೂಲೆಗಳನ್ನು ಕತ್ತರಿಯಿಂದ ಚೂರೇ ಚೂರು ಓರೆಯಾಗಿ ತೆಗೆದರೆ ಸಲೀಸಾಗಿ ಹೋಗುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡಿ. ಎಲ್ಲವನ್ನೂ ಟ್ಯಾಂಕಿನೊಳಗೆ ಹಾಕಿ, ಮುಚ್ಚಿ, ಕೈ ಹೊರಗೆ ತೆಗೆದು ಒಣಗಿಸಿ, ಮತ್ತೆ ಶುರು ಮಾಡಿ. ಹಳೆಯ ಹಾಳು ರೋಲೊಂದರಲ್ಲಿ, ಬೆಳಕಿನಲ್ಲೇ, ಕಣ್ಣು ಮುಚ್ಚಿ ಹತ್ತು ಸಲ ಅಭ್ಯಾಸ ಮಾಡಿದವರಿಗೆ ಇದು ತೊಡಕಾಗುವುದಿಲ್ಲ.

ಎಚ್‌ಪಿ5 ಪ್ಲಸ್‌ಗೆ ಡಿ-76 ಅನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ಪ್ಯಾಟರ್ಸನ್ ಟ್ಯಾಂಕು ಒಂದು 35 ಎಂ.ಎಂ. ರೋಲಿಗೆ 290 ಎಂ.ಎಲ್. ಕೇಳುತ್ತದೆ. ನನ್ನ ಸಲಹೆ, ಎರಡು ಸುರುಳಿಯ ಟ್ಯಾಂಕಿನಲ್ಲಿ ಒಂದೇ ರೋಲು ಹಾಕಿ 600 ಎಂ.ಎಲ್. ತುಂಬಿ, ಡೆವಲಪರಿನ ಕಸುವು ಸಾಲದೆ ಹೋಗುವ ಭಯವಿಲ್ಲ. ಬಳಸಿದ್ದನ್ನು ಮತ್ತೆ ಇಟ್ಟುಕೊಳ್ಳಬೇಡಿ. ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕು ಮಗುಚಿ, ಗಾಳಿಗುಳ್ಳೆ ಬಿಡುವಂತೆ ತಳವನ್ನು ಮೇಜಿಗೆ ತಟ್ಟಿ, ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿಗೆ ನಾಲ್ಕು ಸಲ. ಕಾಕ್‌ಟೇಲ್ ಕುಲುಕಿದಂತೆ ಕುಲುಕಿದರೆ ಫಿಲ್ಮಿನ ಅಂಚಿನ ತೂತುಗಳಿಂದ ದ್ರಾವಣ ನುಗ್ಗಿ ಗೆರೆ ಮೂಡುತ್ತದೆ.

20 ಡಿಗ್ರಿ ಎಂಬುದು ತಣ್ಣನೆಯ ದೇಶದವರ ಅಳತೆ. ನಮ್ಮಲ್ಲಿ ಡಿಸೆಂಬರಿನ ಬೆಳಗಿನ ಜಾವ ನಲ್ಲಿ ನೀರು ಅದರ ಹತ್ತಿರ ಬರುತ್ತದೆ, ಏಪ್ರಿಲ್ ಮಧ್ಯಾಹ್ನ ಮಹಡಿಯ ಟ್ಯಾಂಕಿನ ನೀರು ಸ್ನಾನಕ್ಕೇ ಬಿಸಿ. ಬಾಟಲಿಗಳನ್ನೆಲ್ಲ ಒಂದು ಬಕೆಟ್ ನೀರಿನಲ್ಲಿ ನಿಲ್ಲಿಸಿ, ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಿ, ಬಾಟಲಿಯೊಳಗೆ ಥರ್ಮಾಮೀಟರ್ ಅದ್ದಿ ನೋಡಿ. 24 ಡಿಗ್ರಿಗೆ ಇಳಿಸಿದರೂ ಸಾಕು: 11 ನಿಮಿಷ ಅಲ್ಲಿ ಸುಮಾರು 8 ನಿಮಿಷವಾಗುತ್ತದೆ. ಸಮಯ 5 ನಿಮಿಷಕ್ಕಿಂತ ಕಡಿಮೆ ಬರುವಷ್ಟು ಬಿಸಿ ಮಾತ್ರ ಬೇಡ, ಕಲೆ ಕಲೆಯಾಗುತ್ತದೆ. ಅದಕ್ಕಿಂತ ಮುಖ್ಯ, ಡೆವಲಪರು, ಫಿಕ್ಸರು, ತೊಳೆಯುವ ನೀರು, ಎಲ್ಲವೂ ಎರಡು ಮೂರು ಡಿಗ್ರಿಯ ಅಂತರದೊಳಗೇ ಇರಬೇಕು. ದಿಢೀರ್ ಬಿಸಿ-ತಂಪಾದರೆ ಜೆಲಾಟಿನ್ ಪದರ ಒಣ ಕೆರೆಯ ತಳದಂತೆ ಸುಕ್ಕುಗಟ್ಟುತ್ತದೆ.

ಡೆವಲಪರು ಚೆಲ್ಲಿದ ಮೇಲೆ ಅರ್ಧ ನಿಮಿಷ ನೀರು ತುಂಬಿ ಎರಡು ಸಲ ಕುಲುಕಿ ಚೆಲ್ಲಿದರೆ ಸಾಕು, ಸ್ಟಾಪ್ ಬಾತ್ (ಡೆವಲಪರಿನ ಕೆಲಸ ನಿಲ್ಲಿಸುವ ಆಮ್ಲದ ದ್ರಾವಣ) ಇಲ್ಲದೆ ನಡೆಯುತ್ತದೆ. ಫಿಕ್ಸರಿನ ಸಮಯವನ್ನು ಊಹಿಸಬೇಡಿ. ರೋಲಿನ ತುದಿಯಿಂದ ಕತ್ತರಿಸಿದ ತುಂಡನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ ಗಡಿಯಾರ ನೋಡಿ. ಹಾಲುಬಣ್ಣ ಹೋಗಿ ಪಾರದರ್ಶಕವಾಗಲು ಎಷ್ಟು ಹೊತ್ತೋ ಅದರ ಎರಡರಷ್ಟು ರೋಲಿಗೆ. ಹೊಸ ಫಿಕ್ಸರಿನಲ್ಲಿ ಹಿಡಿದ ಸಮಯವನ್ನು ಬಾಟಲಿಯ ಮೇಲೆ ಬರೆದಿಡಿ, ಅದು ದುಪ್ಪಟ್ಟಾದ ದಿನ ಫಿಕ್ಸರಿನ ಆಯುಸ್ಸು ಮುಗಿಯಿತು. ಹಾಗೆಂದು ಚರಂಡಿಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಕರಗಿದೆ. ಕಬ್ಬಿಣದ ಸ್ಟೀಲ್ ವುಲ್ ಹಾಕಿ ಒಂದೆರಡು ದಿನ ಬಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ.

ಅರ್ಧ ಗಂಟೆ ನಲ್ಲಿ ಬಿಟ್ಟು ತೊಳೆಯಿರಿ ಎನ್ನುವ ಹಳೇ ಸಲಹೆಯನ್ನು, 2024ರ ಬೇಸಿಗೆಯಲ್ಲಿ ಟ್ಯಾಂಕರ್ ಕಾದ ಊರಿನಲ್ಲಿ ಯಾರೂ ಪಾಲಿಸಕೂಡದು. ಪಾಲಿಸಬೇಕಾಗಿಯೂ ಇಲ್ಲ. ಇಲ್ಫರ್ಡ್‌ನವರ ವಿಧಾನವಿದೆ: ಟ್ಯಾಂಕು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಎರಡು ಲೀಟರಿಗೂ ಕಡಿಮೆ ನೀರು. ಫಿಕ್ಸರಿನಲ್ಲಿ ಆಲಮ್‌ನಂಥ ಗಟ್ಟಿಗೊಳಿಸುವ ಪದಾರ್ಥ ಇಲ್ಲದಿದ್ದರೆ ಮಾತ್ರ ಇದು ಸಾಲುತ್ತದೆ. ಮೇಲೆ ಹೇಳಿದ ಪಾಕದಲ್ಲಿ ಅದಿಲ್ಲ.

ಕೊನೆಯ ಮುಳುಗು ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ಆಗಲಿ. ಬೋರ್‌ವೆಲ್ ನೀರು ಸ್ಟೀಲ್ ಲೋಟದ ಮೇಲೆ ಬಿಡುವ ಬಿಳಿ ಕಲೆಯನ್ನೇ ನೆಗೆಟಿವಿನ ಮೇಲೂ ಬಿಡುತ್ತದೆ, ಒಣಗಿದ ಮೇಲೆ ಒರೆಸಿದರೆ ಗೀರಾಗುತ್ತದೆ. ಫೋಟೊ-ಫ್ಲೊ (ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರವ) ಇದ್ದರೆ 200 ಪಾಲು ನೀರಿಗೆ ಒಂದು ಪಾಲು, ಹೆಚ್ಚಾದರೆ ನೊರೆಯ ಕಲೆ. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ಹಬೆಯಾಡಿಸಿ, ಧೂಳು ಕೆಳಗೆ ಕೂತ ಮೇಲೆ ಫಿಲ್ಮನ್ನು ತೂಗುಹಾಕಿ. ತುದಿಗೆ ಎರಡು ಬಟ್ಟೆ ಕ್ಲಿಪ್ಪು. ಬಾಗಿಲು ಮುಚ್ಚಿ, ಫ್ಯಾನು ಹಾಕಬೇಡಿ, ಪೂರ್ತಿ ಒಣಗುವ ತನಕ ಯಾರೂ ಒಳಗೆ ಹೋಗದಿರಲಿ.

ಒಣಗಿದ ನೆಗೆಟಿವನ್ನು ಕಿಟಕಿಗೆ ಹಿಡಿದಾಗ ಚಿತ್ರಗಳಿಗಿಂತ ಮೊದಲು ಅಂಚಿನಲ್ಲಿ ಅಚ್ಚಾದ ಅಂಕಿಗಳನ್ನು ನೋಡಿ. ಅವನ್ನು ಕಾರ್ಖಾನೆಯಲ್ಲೇ ಅಳತೆಯ ಬೆಳಕು ಕೊಟ್ಟು ಮೂಡಿಸಿರುತ್ತಾರೆ, ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಅಂಕಿ ಕಪ್ಪಗೆ ಸ್ಪಷ್ಟವಾಗಿದ್ದು ಚಿತ್ರ ತೆಳುವಾಗಿದ್ದರೆ, ಬೆಳಕು ಕೊಟ್ಟಿದ್ದು ಕಡಿಮೆ. ಅಂಕಿಯೂ ಮಸುಕಾಗಿದ್ದರೆ ಡೆವಲಪರು ಸತ್ತಿದೆ, ಇಲ್ಲವೇ ಸಮಯ ಸಾಲಲಿಲ್ಲ. ಅಂಕಿ ಸರಿಯಿದ್ದು ಚಿತ್ರವೇ ಇಲ್ಲವೆಂದರೆ ರೋಲು ಓಡಿಲ್ಲ. ಅಂಕಿಯೂ ಇಲ್ಲದೆ ಗಾಜಿನಂತಿದ್ದರೆ ಮೊದಲು ಸುರಿದದ್ದು ಫಿಕ್ಸರು. ಹಾಲಿನಂತೆ ಮಂಜಾಗಿದ್ದರೆ ಫಿಕ್ಸರು ಸಾಲಲಿಲ್ಲ, ಮತ್ತೆ ಹಾಕಬಹುದು, ಏನೂ ಕೆಟ್ಟಿಲ್ಲ. ಅರ್ಧಚಂದ್ರದಂಥ ಸಣ್ಣ ಕಪ್ಪು ಗುರುತು, ಸುರುಳಿಗೆ ಏರಿಸುವಾಗ ಫಿಲ್ಮು ಮಡಚಿದ ಜಾಗ. ಹಲವು ಫ್ರೇಮುಗಳಲ್ಲಿ ಅದೇ ಜಾಗದಲ್ಲಿ, ಅಂಚಿನಿಂದ ಒಳಕ್ಕೆ ಹರಡಿದ ಕಪ್ಪು ಪಟ್ಟೆ ಕಂಡರೆ ಹಿಂಬಾಗಿಲ ಕೀಲಿನ ಪಕ್ಕದ ಫೋಮು ಇನ್ನೂ ಸೋರುತ್ತಿದೆ. ಉಲ್ಲನ್ ದಾರ ಇನ್ನೊಂದೆಳೆ ಹಾಕಿ.